ಎರಡು ಹಳದಿ ಚುಕ್ಕೆ

ಬಂದದ್ದು ಹಿಮ್ಮಡಿಗೋ ಕಿವಿಗೋ, ಅಥವಾ ಎರಡಕ್ಕೂ ಅಲ್ಲದೆ ಬರೀ ನೆನಪಿಗೋ, ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದ ಕ್ಷಣದಲ್ಲಿ ಕೆಳಗಿನ ತಗಡು ಹಿಮ್ಮಡಿಯನ್ನು ಒಮ್ಮೆ ತಟ್ಟಿದಂತಾಯಿತು, ಆಚೆಯಿಂದ ಯಾರೋ ಬಾಗಿಲು ಬಡಿದ ಹಾಗೆ, ಒಂದೇ ಸಲ — ಇಲ್ಲ, ಕಲ್ಲಿರಬೇಕು, ಈ ಜಲ್ಲಿ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕ ಕಲ್ಲು ಹಾರಿ ಅಡಿಗೆ ಬಡಿಯುವುದೇನು ಹೊಸದೇ, ಎಂದು ಲಿಂಡ್ಸೆ ನೋಸ್ಕೆ ತನಗೆ ತಾನೇ ಹೇಳಿಕೊಂಡ, ಆದರೆ ಕಲ್ಲಾಗಿದ್ದರೆ ಪಕ್ಕದಲ್ಲಿ ಕೂತ ಕೆಲ್ವಿನ್‌ನ ಕಿರುಬೆರಳು ಯಾಕೆ ಎದ್ದಿತು? ಮೊಣಕಾಲ ಮೇಲೆ ಮಗುಚಿಟ್ಟ ಕೈ, ನಲವತ್ತು ವರ್ಷ ಬಾವಿಯಿಂದ ನೀರೆತ್ತುವ ಗಾಳಿಗಿರಣಿಗಳ ಬೋಲ್ಟು ತಿರುಗಿಸಿ ಗಂಟುಗಟ್ಟಿದ ಬೆರಳುಗಳು, ಅದರಲ್ಲಿ ಕೊನೆಯದೊಂದು ಮಾತ್ರ ಸಣ್ಣಗೆ ಎದ್ದು ಮತ್ತೆ ಮಲಗಿತು, ಕೆಲ್ವಿನ್ ಮಾತ್ರ ಮುಂದಿನ ಗಾಜಿನಾಚೆಗೆ ನೋಡುತ್ತಲೇ ಇದ್ದ, ಮಾತಾಡಲಿಲ್ಲ, ಮಾತಾಡುವಂತೆಯೂ ಇರಲಿಲ್ಲ, ನೋಸ್ಕೆ ಶೆಡ್ಡಿನ ಪದ್ಧತಿಯೇ ಅದು — ಗಾಡಿಯ ರೋಗ ಕೇಳಿ ಕಂಡುಹಿಡಿಯುವ ಸವಾರಿಗೆ ಹೊರಟರೆ ರೇಡಿಯೋ ಬಂದ್, ಎರಡೂ ಕಿಟಕಿ ಕೆಳಗೆ, ಶೆಡ್ಡಿನಿಂದ ಹಳೇ ರೈಲು ನಿಲ್ದಾಣದವರೆಗೆ ಜಲ್ಲಿಯಲ್ಲಿ ಹೋಗಿ ಡಾಂಬರಿನಲ್ಲಿ ವಾಪಸ್, ಅಲ್ಲಿಯತನಕ ಗಾಡಿಯವನು ತುಟಿ ಎರಡು ಮಾಡಬಾರದು. ಲೂಥರನ್ ಚರ್ಚಿನ ಪಾದ್ರಿ ಬಾಯಿ ಮುಚ್ಚಿ ಕೂರುವ ಜಾಗ ಇಡೀ ಜಿಲ್ಲೆಯಲ್ಲಿ ಇದೊಂದೇ ಕಣ್ರೋ ಎಂದು ಪಬ್ಬಿನಲ್ಲಿ ನಗುತ್ತಿದ್ದರು. ಪದ್ಧತಿ ಹಾಕಿದವನು ಕೆಲಸ ಕಲಿಸಿದ ಆಲ್ವಿನ್ ಮಾವ, ಗಿರಾಕಿ ಹೇಳೋ ಕತೆ ಕೇಳ್ಬೇಡ ಹುಡುಗಾ, ಗಾಡಿ ಹೇಳೋದನ್ನ ಕೇಳು ಅಂದವನು, ಮತ್ತು ಲಿಂಡ್ಸೆ ಕೇಳಿದ್ದ, ಒಂದು ಕಾಲದಲ್ಲಿ ಏನೇನೆಲ್ಲ ಕೇಳಿದ್ದ, ಮುನ್ನೂರು ಕಿಲೋಮೀಟರು ಆಚೆ ಸ್ಟೇಷನ್ ಎಂದು ಕರೆಯುವ ಸಾವಿರಾರು ಎಕರೆಯ ಕುರಿಸಾಕಣೆಯವನು ರೇಡಿಯೋದ ಮೈಕನ್ನು ಇಂಜಿನ್ನಿನ ಬಾಯಿಗೆ ಹಿಡಿದರೆ ಇಲ್ಲಿ ಚಹಾ ಕುಡಿಯುತ್ತ ಕೂತು ಮೂರನೇ ಇಂಜೆಕ್ಟರ್ ನೋಡಪ್ಪಾ ಅಂದಿದ್ದ, ಮೂರನೆಯದೇ ಆಗಿತ್ತು, ಅಂದಿನಿಂದ ಅವನ ಹೆಸರು ಹೋಗಿ ಕಿವಿ ಉಳಿಯಿತು, ನೋಸ್ಕೆ ಕಿವಿಗೆ ತೋರಿಸು ಎನ್ನುತ್ತಾರೆ ಜನ, ಈಗಲೂ ಎನ್ನುತ್ತಾರೆ, ಈಗ ಎಡಗಿವಿ ಪೂರ್ತಿ ಹೋಗಿದೆ ಬಲಗಿವಿ ಅರ್ಧ ಹೋಗಿದೆ ಎಂಬುದು ಪೋರ್ಟ್ ಅಗಸ್ಟಾದ ಕಿವಿಪರೀಕ್ಷೆಯ ಹೆಂಗಸಿಗೆ ಗೊತ್ತು, ಅವನಿಗೆ ಗೊತ್ತು, ಇನ್ನಾರಿಗೂ ಗೊತ್ತಿಲ್ಲ. ಬೇಲಿಯ ಮೇಲೆ ಗಲಾ ಗಿಳಿಗಳ ದೊಡ್ಡ ಹಿಂಡು, ಗುಲಾಬಿ ಎದೆ, ಎಲ್ಲದರ ಕೊಕ್ಕೂ ತೆರೆದಿದೆ ಮುಚ್ಚುತ್ತಿದೆ, ಎಷ್ಟು ಕಿರುಚುತ್ತಿರಬೇಕು ಅವು, ಅವನಿಗೆ ಮಾತ್ರ ಇಡೀ ಲೋಕ ಉಣ್ಣೆಯ ಮೂಟೆಯೊಳಗೆ ಕೂತು ಮಾತಾಡುತ್ತಿದೆ.

ಇನ್ನೊಂದು ಸಲ ನೋಡೋಣ. ಕಾಲು ಒತ್ತಿದ, ಗಾಡಿ ಎಳೆಯಿತು, ಅರವತ್ತು, ಅರವತ್ತೈದು, ಕಾಲೆತ್ತಿದ — ಬೆರಳು ಎದ್ದಿತು. ಹಿಮ್ಮಡಿಗೆ ತಟ್ಟಿತೇ? ತಟ್ಟಿತು, ಅಥವಾ ಬೆರಳು ಎದ್ದದ್ದು ನೋಡಿ ತಟ್ಟಿದಂತೆನಿಸಿತು, ಈಗ ಯಾವುದು ಮೊದಲು ಯಾವುದು ನಂತರ ಎಂದು ಹೇಳುವವರಾರು. ಮತ್ತೆ ಒತ್ತಿದ, ಮತ್ತೆ ಬಿಟ್ಟ, ಬೆರಳು ಎದ್ದಿತು, ಒತ್ತಿದ ಬಿಟ್ಟ ಎದ್ದಿತು, ಕೆಲ್ವಿನ್‌ಗೆ ತನ್ನ ಬೆರಳು ಏಳುತ್ತಿರುವುದು ಗೊತ್ತೇ ಇಲ್ಲ, ನಿದ್ದೆಯಲ್ಲಿ ನಾಯಿಯ ಕಾಲು ಓಡಿದ ಹಾಗೆ. ಶಬ್ದ ಇದೆ. ದೇವರೇ, ಶಬ್ದ ಇದೆ, ಮೊದಲಿಂದಲೂ ಇತ್ತು, ಮತ್ತು ಲಿಂಡ್ಸೆಯ ಬೆನ್ನಿನಲ್ಲಿ ಬೆವರು ಒಡೆಯಿತು, ಇಲ್ಲಿ ನಡುಚಳಿಗಾಲವಾದ ಜುಲೈ ತಿಂಗಳ ಗಾಳಿ ಎರಡೂ ಕಿಟಕಿಯಿಂದ ನುಗ್ಗುತ್ತಿರುವಾಗ, ಏಕೆಂದರೆ ಶಬ್ದ ಇಲ್ಲ ಎಂದವನು ಅವನೇ, ಒಂದು ಸಲವಲ್ಲ ಮೂರು ಸಲ. ಮೊದಲ ಸಲ ಕೆಲ್ವಿನ್ ನಗುತ್ತಲೇ ಬಂದಿದ್ದ, ಪೈಪು ಹಗ್ಗ ಪಂಪಿನ ತೊಗಲಿನ ವಾಷರು ತುಂಬಿಕೊಂಡ ಈ ಹಳೇ ಗಾಡಿಯನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ನಾಲ್ಕೂ ಚಕ್ರ ಎಳೆಯುವ ಮುದುಕಿಗೆ ಮಂಡಿನೋವು ಬಂದಿದೆ ಲಿನ್, ಅರವತ್ತಕ್ಕೆ ಗುಂಯ್ ಅಂತಾಳೆ, ಕಾಲೆತ್ತಿದ್ರೆ ಠಕ್ ಅಂತಾಳೆ, ಕೇಳು ಬಾ. ಹೋಗಿದ್ದರು, ಇದೇ ರಸ್ತೆ. ಏನೂ ಕೇಳಿಸಲಿಲ್ಲ. ಏನೂ ಇಲ್ಲ ಕಣೋ, ನಿನ್ನ ಪೈಪುಗಳೇ ಗುದ್ದಾಡ್ತಾ ಇರ್ಬೇಕು, ಕಟ್ಟಿ ಇಡು. ಎರಡನೇ ಸಲ ಪೈಪುಗಳನ್ನೆಲ್ಲ ಮನೆಯಲ್ಲಿ ಇಳಿಸಿ ಬಂದಿದ್ದ, ಖಾಲಿ ಗಾಡಿ, ನಗು ಕಡಿಮೆ, ನಾನೂ ಅಡಿಗೆ ತೂರಿ ಅಲ್ಲಾಡ್ಸಿ ನೋಡ್ದೆ ಲಿನ್, ಎಲ್ಲಾ ಬಿಗಿಯಾಗೇ ಇದೆ, ಆದ್ರೂ ಠಕ್ ಅಂತಿದೆಯಲ್ಲ ಮಾರಾಯ, ನೀನು ಕೇಳು. ಕೇಳಿದ. ಕೇಳಿಸಲಿಲ್ಲ. ಆವತ್ತು ಗಾಡಿಯಡಿಗೆ ಹೋಗಿ ನೋಡಬಹುದಿತ್ತಲ್ಲ, ಯಾವ ಎಳೆ ಮೆಕ್ಯಾನಿಕ್ಕಾದರೂ ನೋಡುತ್ತಿದ್ದ, ಆದರೆ ಶಬ್ದವಿಲ್ಲ ಎಂದು ಕಿವಿ ಹೇಳಿದ ಮೇಲೆ ಕಣ್ಣಿನಿಂದ ಹುಡುಕಲು ಹೋದರೆ ಕಿವಿಯ ಮೇಲೆ ತನಗೇ ನಂಬಿಕೆಯಿಲ್ಲ ಎಂದಂತಾಗುವುದಿಲ್ಲವೇ, ಅದೂ ಶೆಡ್ಡಿನ ಬಾಗಿಲಲ್ಲಿ ಇಬ್ಬರು ಕುರಿಗಾರರು ನಿಂತು ನೋಡುತ್ತಿರುವಾಗ. ಮೂರನೇ ಸಲ, ಅಕ್ಟೋಬರ್ ಇರಬೇಕು, ನೊಣಗಳು ಶುರುವಾಗಿದ್ದವು, ಕೆಲ್ವಿನ್ ಇಂಜಿನ್ ಆರಿಸಿ ಇಳಿಯದೆ ಕೂತೇ ಕೇಳಿದ, ನಿಂಗೆ ನಿಜವಾಗ್ಲೂ ಕೇಳ್ತಿಲ್ವಾ ಲಿನ್, ಅಂದ್ರೆ ಇದು ನನ್ನೊಳಗೇ ಆಗ್ತಿದೆಯಾ? ಅದಕ್ಕೆ ಲಿಂಡ್ಸೆ ತಮಾಷೆ ಮಾಡಿದ್ದ. ಗಾಡಿ ಸರಿಯಿದೆ ಕೆಲ್, ನಿನ್ನ ತಲೇನ ಡಾಕ್ಟ್ರಿಗೆ ತೋರ್ಸು, ಅಲ್ಲೇನಾದ್ರೂ ನಟ್ಟು ಸಡಿಲ ಆಗಿರ್ಬೇಕು. ಕುರಿಗಾರರು ನಕ್ಕರು, ಕೆಲ್ವಿನ್ ಕೂಡ ನಕ್ಕ, ಆದರೆ ಅವನ ಕಣ್ಣು ನಗಲಿಲ್ಲ, ಅದು ಲಿಂಡ್ಸೆಗೆ ಕಂಡಿತ್ತು, ಕಣ್ಣಿಗೇನೂ ಆಗಿರಲಿಲ್ಲವಲ್ಲ.

ಬೇರೆ ಯಾರಿಗಾದರೂ ಅಂದಿದ್ದರೆ ತಮಾಷೆಯೇ ಆಗುತ್ತಿತ್ತು. ಟ್ರೆಲೋರ್ ಮನೆತನದವನಿಗೆ ಅನ್ನುವ ಮಾತಲ್ಲ ಅದು. ಮುದುಕ ಟ್ರೆಲೋರ್‌ಗೆ, ಕೆಲ್ವಿನ್‌ನ ಅಪ್ಪನಿಗೆ, ಕೊನೆಯ ಎರಡು ವರ್ಷ ಗಂಟೆ ಕೇಳಿಸುತ್ತಿತ್ತು, ಮೂವತ್ತು ವರ್ಷ ಹಿಂದೆಯೇ ಕೆಡವಿದ ಪ್ರಾರ್ಥನಾಮಂದಿರದ ಗಂಟೆ, ಕೇಳಿದ ಕೂಡಲೆ ಟೈ ಕಟ್ಟಿಕೊಂಡು ಹೊರಡುತ್ತಿದ್ದ, ತಡ ಆಯ್ತು ತಡ ಆಯ್ತು ಎನ್ನುತ್ತ, ಒಂದು ಭಾನುವಾರ ಹೊರಟವನು ಬುಧವಾರ ಒಣಹಳ್ಳದಲ್ಲಿ ಹೆಣವಾಗಿ ಸಿಕ್ಕ. ಹುಡುಕಿದವರ ಸಾಲಿನಲ್ಲಿ ಲಿಂಡ್ಸೆ ಇದ್ದ, ಕೈಯಳತೆಯಲ್ಲಿ ಕೆಲ್ವಿನ್, ಕೂಗಿ ಕೂಗಿ ಗಂಟಲು ಒಡೆದಿತ್ತು ಇಬ್ಬರಿಗೂ, ಮೊದಲು ಕಂಡದ್ದು ಟೈ, ಉಪ್ಪುಗಿಡಕ್ಕೆ ಸಿಕ್ಕಿಕೊಂಡ ನೀಲಿ ಟೈ. ಅದನ್ನು ಬಿಡಿಸಿಕೊಂಡು ಜೇಬಿಗಿಟ್ಟುಕೊಂಡ ಕೆಲ್ವಿನ್ ಅವತ್ತು ಹೇಳಿದ್ದು ಒಂದೇ ಮಾತು, ನಂಗೂ ಹೀಗಾದ್ರೆ ನೀನು ಹೇಳ್ಬೇಕು ಲಿನ್, ಮಾರ್ಲೀನ್ ಹೇಳಲ್ಲ, ಹೆಂಡ್ತಿ ಅಲ್ವಾ, ಅಳ್ತಾಳೆ ಅಷ್ಟೆ, ನೀನು ಹೇಳ್ಬೇಕು. ಹೇಳ್ತೀನಿ ಬಿಡೋ. ಹೇಳಿದ, ಅಲ್ಲವೇ, ಮೂರನೇ ಸಲ, ಕುರಿಗಾರರ ಮುಂದೆ. ಆಮೇಲೆ ಡಾಕ್ಟರು, ಆಮೇಲೆ ಬೆಳಿಗ್ಗೆಗೊಂದು ಮಲಗುವಾಗ ಒಂದು ಮಾತ್ರೆ, ಕ್ರಿಸ್ಮಸ್ಸಿನ ಹೊತ್ತಿಗೆ ಕೆಲ್ವಿನ್ ಸ್ಟೇರಿಂಗ್ ಹಿಡಿಯುವುದನ್ನೇ ಬಿಟ್ಟ, ಇಲ್ಲದ್ದು ಕೇಳೋನು ಗಿರಣಿ ಹತ್ತಬಾರ್ದು, ನಲವತ್ತಡಿ ಮೇಲೆ ನಿಂತಾಗ ಯಾರೋ ಕರೆದ ಹಾಗಾದ್ರೆ? ಎಂದನಂತೆ, ಗಿರಣಿಗಳ ಕೆಲಸ ಯಾವನೋ ಹೊರಗಿನವನಿಗೆ ಹೋಯಿತು, ಅವನು ಕೊಳವೆಬಾವಿಗಳಿಗೆ ಸೌರಫಲಕ ಹಾಕಿಸುತ್ತಿದ್ದಾನೆ. ಈಗ ಈ ಗಾಡಿ. ಪಕ್ಕದ ವಿಕ್ಟೋರಿಯಾ ರಾಜ್ಯದ ಒಂದು ಜೋಡಿ ಫೋಟೋ ನೋಡಿಯೇ ಒಪ್ಪಿಕೊಂಡಿದ್ದಾರೆ, ಶನಿವಾರ ಬಂದು ಒಯ್ಯುತ್ತಾರೆ, ಒಬ್ಬ ಮೆಕ್ಯಾನಿಕ್ಕಿನ ಪರೀಕ್ಷೆ ಆಗಿರಬೇಕು ಎಂದಿದ್ದಾರೆ, ಅದಕ್ಕೇ ಇಂದು ಬುಧವಾರ ಬೆಳಿಗ್ಗೆ ಮಾರ್ಲೀನ್ ಇದನ್ನು ಓಡಿಸಿಕೊಂಡು ಬಂದದ್ದು, ಪಕ್ಕದಲ್ಲಿ ಗಂಡನನ್ನು ಕೂರಿಸಿಕೊಂಡು. ಗಾಡಿ ಹೋದ ಮೇಲೆ ಇಲ್ಲಿ ನಮಗೇನು ಕೆಲಸ ಲಿನ್, ಡಾಕ್ಟ್ರು ಹತ್ರ ಇರೋ ಹಾಗೆ ಪೋರ್ಟ್ ಅಗಸ್ಟಾದಲ್ಲಿ ಒಂದು ಸಣ್ಣ ಮನೆ ನೋಡಿದೀವಿ, ಎಂದಿದ್ದಳು. ಅರವತ್ತಾರು ವಯಸ್ಸು ಕೆಲ್ವಿನ್‌ಗೆ. ಅರವತ್ತಾರಕ್ಕೆ ಕಿಟಕಿ ಮುಂದೆ ಕೂರುತ್ತಾನೆ.

ಹಳೇ ರೈಲು ನಿಲ್ದಾಣ ಬಂತು, ಹಳಿ ಕಿತ್ತುಹೋದ ದಿಬ್ಬ, ನೀರಿನ ಖಾಲಿ ತೊಟ್ಟಿ, ಇಲ್ಲಿ ತಿರುಗಿಸಬೇಕು, ತಿರುಗಿಸುವಾಗ ಮುಂದಕ್ಕೆ ಹಿಂದಕ್ಕೆ ಮುಂದಕ್ಕೆ ಗೇರು ಬದಲಿಸುವಲ್ಲಿ ಗಾಡಿ ಏನೂ ಮುಚ್ಚಿಡಲಾರದು ಎಂದು ಆಲ್ವಿನ್ ಮಾವ ಆರಿಸಿದ ಜಾಗ ಇದು. ರಿವರ್ಸಿಗೆ ಹಾಕಿ ಕ್ಲಚ್ ಬಿಟ್ಟ, ಈ ಸಲ ಬೆರಳಲ್ಲ, ಕೆಲ್ವಿನ್‌ನ ಇಡೀ ಕೈ ಮೊಣಕಾಲನ್ನು ಹಿಡಿದುಕೊಂಡಿತು, ಹಿಮ್ಮಡಿಗೂ ಸಂಶಯವಿಲ್ಲದಂತೆ ಬಂತು, ದೊಡ್ಡದು, ಕಬ್ಬಿಣಕ್ಕೆ ಕಬ್ಬಿಣ. ಇಂಜಿನ್ ಆರಿಸಿದ. ಪದ್ಧತಿ ಪ್ರಕಾರ ಇಲ್ಲಿಯೂ ಮಾತಿಲ್ಲ, ಆದರೂ ಅವನೇ ಕೇಳಿದ, ಏನಾದ್ರೂ ಕೇಳ್ತಾ ಕೆಲ್? ಕೆಲ್ವಿನ್ ತಿರುಗಿ ನೋಡಿದ, ಬಾಯಿ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ, ಇಲ್ಲಪ್ಪ, ಎಂದ, ಏನೂ ಇಲ್ಲ, ಚೆನ್ನಾಗಿದೆ ಗಾಡಿ. ಸುಳ್ಳು ಹೇಳುವಾಗ ಕೆಲ್ವಿನ್ ಯಾವಾಗಲೂ ಟೋಪಿ ಸರಿಮಾಡಿಕೊಳ್ಳುತ್ತಾನೆ, ಸರಿಮಾಡಿಕೊಂಡ. ಆಮೇಲೆ, ನೀನು ಮಾರ್ಲೀನ್‌ಗೆ ಹೇಳ್ಬೇಡ ಲಿನ್, ಎಂದ, ಠಕ್ ಅಂತಾನೇ ಇದೆ, ಇನ್ನೂ ಜೋರಾಗಿದೆ ಈಗ, ಮಾತ್ರೆ ತಗೊಂಡ್ರೂ, ಡಾಕ್ಟ್ರು ಕೇಳಿದ್ರೆ ನಿಂತಿದೆ ಅಂತೀನಿ, ಇಲ್ದಿದ್ರೆ ಮಾತ್ರೆ ಜಾಸ್ತಿ ಮಾಡ್ತಾನೆ, ಅದು ತಗೊಂಡ್ರೆ ಬೂಟಿನ ಲೇಸ್ ಕಟ್ಟೋಕೂ ಅರ್ಧ ಗಂಟೆ ಬೇಕು ನಂಗೆ. ಗಾಳಿ ಖಾಲಿ ತೊಟ್ಟಿಯ ಬಾಯಿಗೆ ಊದುತ್ತಿರಬೇಕು, ತೊಟ್ಟಿಯ ಅಂಚಿನ ತಗಡು ಅದುರುವುದು ಕಾಣುತ್ತಿತ್ತು. ಈಗ ಹೇಳು, ಲಿಂಡ್ಸೆ, ಈಗ, ಇಬ್ಬರೇ ಇದ್ದೀರಿ, ಕುರಿಗಾರರಿಲ್ಲ ಯಾರಿಲ್ಲ, ಎರಡು ಮಾತು ಸಾಕು, ನಾಲಿಗೆ ಹಲ್ಲಿನ ಹಿಂದೆ ಸಿದ್ಧವಾಗಿಯೂ ನಿಂತಿತು — ಆದರೆ ಏನೆಂದು ಹೇಳುವುದು, ಇನ್ನೂ ನೋಡಿಲ್ಲವಲ್ಲ, ಒಮ್ಮೆ ಅಡಿಗೆ ಹೋಗಿ ನೋಡೋಣ, ಮೊದಲು ನೋಡೋಣ, ನೋಡಿ ಹೇಳಿದರೆ ಗಟ್ಟಿಯಾಗಿ ಹೇಳಬಹುದು, ಅಲ್ಲವೇ, ಎಂದು ಕೀಲಿ ತಿರುಗಿಸಿದ, ಡಾಂಬರಿಗೆ ಹತ್ತಿದ, ಎದುರು ಬಂದ ಲಾರಿಯವನು ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತಿದ, ಲಿಂಡ್ಸೆಯೂ ಎತ್ತಿದ, ಇಲ್ಲಿ ಎಲ್ಲರೂ ಎಲ್ಲರಿಗೂ ಎತ್ತುತ್ತಾರೆ, ಬೆರಳು, ಬೆರಳು, ಪಕ್ಕದಲ್ಲಿ ಆ ಇನ್ನೊಂದು ಬೆರಳು ಊರು ಬರುವವರೆಗೂ ಏಳುತ್ತಲೇ ಇತ್ತು.

ಏನಂತೆ ನಮ್ಮ ಮುದುಕಿ, ಎಂದು ಮಾರ್ಲೀನ್ ಶೆಡ್ಡಿನ ಬಾಗಿಲಲ್ಲೇ ಕಾದಿದ್ದಳು. ಒಂದೆರಡು ಗಂಟೆ ಬಿಡು, ಅಡಿಗೆ ಹೋಗಿ ಗ್ರೀಸ್ ಹೊಡೆದು ಒಂದ್ಸಲ ಎಲ್ಲಾ ನೋಡ್ತೀನಿ, ಹೋಗಿ ಬೇಕರೀಲಿ ಪೈ ತಿನ್ನಿ. ಅವಳು ನಕ್ಕಳು, ನಿನ್ ಹೆಂಡ್ತಿ ಗ್ಲೆನಿಸ್ ಸಿಕ್ಕಿದ್ಲು ಅಂಗಡೀಲಿ, ನನ್ ಗಂಡಂಗೆ ಟೀವಿ ಮುಂದೆ ಕೂತ್ರೆ ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಕೇಳಲ್ಲ, ಯಾರದ್ದೋ ಗಾಡೀಲಿ ಸೊಳ್ಳೆ ಸೀನಿದ್ರೆ ಕೇಳುತ್ತೆ ಅಂತ ಬೈತಿದ್ಲು. ಅವನೂ ನಕ್ಕ, ಅವಳ ತುಟಿ ಓದಿ ಮುಗಿಯುವಷ್ಟು ತಡವಾಗಿ. ಅವರಿಬ್ಬರೂ ಬೀದಿ ದಾಟಿ ಹೋದರು, ಅವಳು ಅವನ ತೋಳು ಹಿಡಿದಿದ್ದಳು, ಕೆಲ್ವಿನ್ ಟ್ರೆಲೋರ್‌ನ ತೋಳನ್ನು ರಸ್ತೆ ದಾಟಿಸಲು ಹಿಡಿಯಬೇಕಾದ ಕಾಲ. ಲಿಂಡ್ಸೆ ಶೆಡ್ಡಿನ ಬಾಗಿಲು ಎಳೆದುಕೊಂಡ, ಚಕ್ರಗಳಿಗೆ ಮರದ ತುಂಡು ಕೊಟ್ಟ, ಗೇರು ತೆಗೆದ, ಬೆನ್ನಿನ ಮೇಲೆ ಅಡಿಗೆ ಜಾರಿದ, ಕಣ್ಣೆದುರು ಕೆಂಪುಧೂಳು ಹಿಡಿದ ಹೊಟ್ಟೆ. ಅವಸರ ಬೇಡ. ಠಕ್ ಎನ್ನಲು ಹತ್ತು ಕಾರಣ, ಇಂಜಿನ್ ಕೂತ ರಬ್ಬರ್ ಹರಿದಿರಬಹುದು, ಸನ್ನೆಕೋಲು ಕೊಟ್ಟು ಎತ್ತಿ ನೋಡಿದ, ಹರಿದಿಲ್ಲ, ಹಿಂದಿನ ಆಕ್ಸಲನ್ನು ಹಿಡಿದ ತೋಳುಗಳ ಬುಷ್ ಹೋಗಿರಬಹುದು, ಹಳತು, ಆದರೆ ಹೋಗಿಲ್ಲ, ಡಿಫರೆನ್ಷಿಯಲ್ಲಿನ ಹಲ್ಲು ಸವೆದು ಸಂದು ಬಿಟ್ಟಿರಬಹುದು, ತಿರುಗಿಸಿ ಅಳೆದ, ಅದರ ವಯಸ್ಸಿಗೆ ತಕ್ಕಷ್ಟೇ ಇದೆ, ಚಕ್ರದ ಬೇರಿಂಗ್, ಅಲುಗಾಡಲಿಲ್ಲ. ಉಳಿದದ್ದು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ಹೋಗುವ ಉದ್ದನೆಯ ಶಾಫ್ಟು, ಎರಡು ತುದಿಗೂ ಶಿಲುಬೆಯಾಕಾರದ ಕ್ರಾಸು, ಅದರ ಮೇಲೇ ಇಡೀ ಗಾಡಿಯ ಎಳೆತ ತಿರುಗಬೇಕು. ಹಿಂದಿನ ಕ್ರಾಸಿನ ಈಚೆಗೊಂದು ಕೈ ಆಚೆಗೊಂದು ಕೈ ಹಿಡಿದು ಒಗೆದ ಬಟ್ಟೆ ಹಿಂಡುವ ಹಾಗೆ ಎದುರುಬದುರು ತಿರುಚಿದ — ಮಣಿಕಟ್ಟಿಗೆ ಬಂತು. ಅಕ್ಕಿಕಾಳಿನಷ್ಟು ಸಡಿಲ. ಮುಂದಿನದೂ ಅಷ್ಟೆ. ಕ್ರಾಸಿನ ತುದಿಗಳಿಗೆ ಕೂತ ಕಬ್ಬಿಣದ ಟೋಪಿಗಳ ಸುತ್ತ ಕಂದುಗೆಂಪು ಪುಡಿ, ಒಣಗಿ ಅರೆದುಹೋದ ಬೇರಿಂಗಿನ ತುಕ್ಕು, ಈ ನೆಲದ ಧೂಳಿನದೇ ಬಣ್ಣ, ಹಾಗಾಗಿ ಮೇಲೆಮೇಲೆ ನೋಡಿದವರಿಗೆ ಕಾಣುವುದಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕ್ರಾಸಿಗೆ ಒತ್ತಿ ಮರದ ಹಿಡಿಯನ್ನು ಹಲ್ಲಿನಿಂದ ಕಚ್ಚಿದ, ಮೊದಲೆಲ್ಲ ಕಿವಿಗಿಡುತ್ತಿದ್ದ, ಈಗ ಶೆಡ್ಡಿನಲ್ಲಿ ಒಬ್ಬನೇ ಇದ್ದಾಗ ಕಚ್ಚುತ್ತಾನೆ, ಶಾಫ್ಟನ್ನು ಕೈಯಿಂದ ಅತ್ತ ಇತ್ತ ತಿರುಗಿಸಿದ, ದವಡೆಯ ಮೂಳೆಯಲ್ಲಿ, ಕಣ್ಣಿನ ಹಿಂದೆ, ತಲೆಬುರುಡೆಯ ನಡುವೆ, ಸ್ಪಷ್ಟವಾಗಿ ಬಂತು ಕೊನೆಗೂ, ಠಕ್. ಎಷ್ಟು ದಿನವಾಗಿತ್ತು ಇಷ್ಟು ಸ್ಪಷ್ಟವಾಗಿ ಏನನ್ನಾದರೂ ಕೇಳಿ. ಕೆಲ್ವಿನ್ ಹೇಳಿದ ಹಾಗೇ. ಠಕ್.

ಆದರೆ ಎರಡೂ ಕ್ರಾಸು ಒಟ್ಟಿಗೆ ಯಾಕೆ ಹೋಗುತ್ತವೆ, ಅದೂ ಎರಡು ವರ್ಷ ಹಿಂದೆ ಹೊಸದಾಗಿ ಹಾಕಿದವು, ಮತ್ತು ಗುಂಯ್ ಎಂದನಲ್ಲ ಮೊದಲು, ಅರವತ್ತಕ್ಕೆ, ಠಕ್ಕಿಗಿಂತ ಮೊದಲು ಗುಂಯ್ — ಗೊತ್ತಾಯಿತು, ನೋಡುವ ಮೊದಲೇ ಗೊತ್ತಾಯಿತು, ಆದರೂ ಕೈ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಶಾಫ್ಟಿನ ನಡುವನ್ನು ಒರೆಸತೊಡಗಿತು, ಎರಡು ತುಂಡಿನ ಶಾಫ್ಟು ಅದು, ಒಂದರೊಳಗೊಂದು ಹಲ್ಲುಹಲ್ಲಾಗಿ ಕೂತು ಉದ್ದ ಗಿಡ್ಡ ಆಗುವಂಥದು, ಬಿಚ್ಚಿ ಮತ್ತೆ ಸೇರಿಸುವಾಗ ಬಿಚ್ಚಿದ ಹಲ್ಲಿಗೇ ಕೂರಿಸಬೇಕು, ಒಂದು ಹಲ್ಲು ಆಚೀಚೆ ಆದರೂ ಎರಡು ತುದಿಯ ಕ್ರಾಸುಗಳು ಒಂದಕ್ಕೊಂದು ಹೆಗಲು ಕೊಡುವ ಬದಲು ಜಗಳಾಡುತ್ತವೆ, ಗುಂಯ್ ಗುಂಯ್ ಎಂದು ನಡುಗಿ ನಡುಗಿ ಪರಸ್ಪರ ತಿಂದು ಮುಗಿಸುತ್ತವೆ, ಅದಕ್ಕೇ ಬಿಚ್ಚುವ ಮೊದಲು ಎರಡೂ ತುಂಡಿಗೆ ಎದುರುಬದುರು ಒಂದೊಂದು ಚುಕ್ಕೆ ಇಡುವುದು. ಗ್ರೀಸು ಕರಗಿತು. ಒಂದು ಚುಕ್ಕೆ ಕಂಡಿತು. ಹಳದಿ. ಕುರಿಗಳ ಬೆನ್ನಿಗೆ ಗುರುತು ಹಾಕುವ ಬಣ್ಣದ ಹಳದಿ, ಈ ಜಿಲ್ಲೆಯಲ್ಲಿ ಶಾಫ್ಟಿಗೆ ಆ ಬಣ್ಣ ಹಚ್ಚುವವನು ಒಬ್ಬನೇ. ಅದರ ಎದುರು ಏನೂ ಇರಲಿಲ್ಲ, ಬರೀ ಕಬ್ಬಿಣ. ಇನ್ನಷ್ಟು ಒರೆಸಿದ, ಪಕ್ಕದಲ್ಲಿ ಇನ್ನೊಂದು ಚುಕ್ಕೆ ಎದ್ದು ಬಂತು, ಒಂದು ಹಲ್ಲು ಆಚೆ. ಎರಡು ಹಳದಿ ಚುಕ್ಕೆ, ನಡುವೆ ಒಂದು ಹಲ್ಲು. ಕಿರುಬೆರಳ ಉಗುರಿನಷ್ಟು ಜಾಗ. ಅಷ್ಟು ಜಾಗದಲ್ಲಿ ಬಿದ್ದುಹೋದದ್ದು ಒಬ್ಬ ಮನುಷ್ಯನ ಗಿರಣಿಗಳು, ರಸ್ತೆಗಳು, ತಲೆ.

ಯಾವ ದಿನ ಎಂದು ಯೋಚಿಸಬೇಕಾಗಿರಲಿಲ್ಲ. ಕಳೆದ ವರ್ಷದ ಏಪ್ರಿಲ್, ಹಳ್ಳಗಳೆಲ್ಲ ಒಮ್ಮೆಗೇ ಬಂದ ವಾರ, ಕೆಲ್ವಿನ್ ಬಾಗಿಲ ಮಟ್ಟದ ನೀರಿನಲ್ಲಿ ಗಾಡಿ ದಾಟಿಸಿ ಬಂದಿದ್ದ, ಶಾಫ್ಟ್ ಒಳಗೆ ನೀರು ಹೋಗಿರುತ್ತೆ ಬಿಚ್ಚಿ ಗ್ರೀಸ್ ಹಾಕ್ಬಿಡು ಲಿನ್, ನಾಳೆ ಎರಡು ಗಿರಣಿಗೆ ಹೋಗ್ಬೇಕು. ಆ ಬೆಳಿಗ್ಗೆಯೇ ಕಿವಿಪರೀಕ್ಷೆಯ ಪತ್ರ ಬಂದಿತ್ತು. ಪರೀಕ್ಷೆಯ ಗೆರೆಗಳು ಇಳಿಜಾರಿನಂತೆ ಬಲಕ್ಕೆ ಇಳಿದು ಇಳಿದು ಹಾಳೆಯ ಅಂಚಿಗೆ ಬಿದ್ದುಹೋಗಿದ್ದವು, ಕೆಳಗೆ ಬರೆದಿತ್ತು ಇನ್ನು ಮರಳಿ ಬರುವುದಿಲ್ಲ ಎಂಬರ್ಥದ ಒಂದು ಸಾಲು. ಅದು ಜೇಬಿನಲ್ಲಿತ್ತು, ಅಡಿಗೆ ಮಲಗಿದಾಗ ಎದೆಯ ಮೇಲೆ ಕಾಗದ ಸರಿದಾಡುತ್ತಿತ್ತು, ಅದು ಸರಸರ ಎನ್ನುತ್ತಿದೆಯೇ ಇಲ್ಲವೇ, ತನಗೆ ಕೇಳುತ್ತಿದೆಯೇ ಇಲ್ಲವೇ, ಅದನ್ನೇ ಆಲಿಸುತ್ತ ಶಾಫ್ಟನ್ನು ಸೇರಿಸಿದ, ಚುಕ್ಕೆ ನೋಡಿದನೇ? ನೋಡಿರಬೇಕು, ನಲವತ್ತೈದು ವರ್ಷದಲ್ಲಿ ನೋಡದೆ ಬಿಟ್ಟದ್ದಿಲ್ಲ. ನೋಡಲಿಲ್ಲ. ಕೂತಿತು ಎಂದು ಕೈ ಹೇಳಿತು, ಬೋಲ್ಟು ಬಿಗಿದ, ಹಳೆಯ ಕಿವಿಯಾಗಿದ್ದರೆ ಊರ ಗಡಿ ದಾಟುವ ಮೊದಲೇ ಗುಂಯ್ ಎಂದದ್ದು ಕೇಳಿ ವಾಪಸ್ ತಿರುಗಿಸುತ್ತಿದ್ದ. ಕಿವಿಯೊಳಗಿಡುವ ಸಾಧನ ತರಿಸಿದ್ದ, ಹಾಕಿಕೊಳ್ಳಲಿಲ್ಲ, ಸ್ಪಾರ್ಕ್ ಪ್ಲಗ್ಗಿನ ಖಾಲಿ ಡಬ್ಬಿಯಲ್ಲಿ ಮೂರನೇ ಡ್ರಾಯರಿನಲ್ಲಿದೆ, ಈಗಲೂ ಇದೆ, ಇಲ್ಲಿಂದ ಆರು ಹೆಜ್ಜೆ. ಏನಾಗುತ್ತಿತ್ತು ಹಾಕಿಕೊಂಡಿದ್ದರೆ, ನಗುತ್ತಿದ್ದರು, ನೋಸ್ಕೆ ಕಿವಿಗೇ ಕಿವಿ ಬಂತು ನೋಡ್ರೋ ಎಂದು ಪಬ್ಬಿನಲ್ಲಿ ಒಂದು ವಾರ ನಗುತ್ತಿದ್ದರು, ಎರಡನೇ ವಾರ ಗಾಡಿಗಳು ನಲವತ್ತು ಕಿಲೋಮೀಟರು ಆಚೆಯ ಕಂಪ್ಯೂಟರ್ ಇರುವ ಗ್ಯಾರೇಜಿಗೆ ಹೋಗುತ್ತಿದ್ದವು, ಅಷ್ಟೇ ತಾನೇ, ಅಷ್ಟೇ. ಶಾಫ್ಟ್ ಇಳಿಸಿದ. ಕಪಾಟಿನಲ್ಲಿ ಹೊಸ ಕ್ರಾಸು ಎರಡಿದ್ದವು, ಹಳೆಯದನ್ನು ಗೂಟಕ್ಕಿಟ್ಟು ಸುತ್ತಿಗೆಯಿಂದ ಉದುರಿಸಿದ, ಬೇರಿಂಗಿನ ಸೂಜಿಗಳು ಪುಡಿಯಾಗಿ ಅಂಗೈಗೆ ಬಿದ್ದವು, ಕುಂಕುಮಕ್ಕೆ ಮಸಿ ಬೆರೆಸಿದ ಹಾಗೆ. ಇದನ್ನೇ ಅಂಗೈಯಲ್ಲಿಟ್ಟು ತೋರಿಸಬೇಕು, ಇಲ್ನೋಡು ಕೆಲ್, ಇದು ನಿನ್ನ ತಲೇಲಿದ್ದದ್ದಲ್ಲ, ನೋಡು, ಮುಟ್ಟು, ಮಾತೇ ಬೇಡ, ಅಂಗೈ ಚಾಚಿದರೆ ಸಾಕು. ಹಾಗೆ ಮಾಡುತ್ತೇನೆ. ಹೊಸದನ್ನು ಕೂರಿಸಿದ, ಹಲ್ಲುಗಳಿಗೆ ಗ್ರೀಸು ತುಂಬಿದ, ಚುಕ್ಕೆಗೆ ಚುಕ್ಕೆ ತಂದ, ಕನ್ನಡಕ ಒರೆಸಿ ನೋಡಿದ, ಬೆರಳಿಟ್ಟು ನೋಡಿದ, ಒತ್ತಿದ, ಬಿಗಿದ. ಎದ್ದು ಹಳೆಯ ಕ್ರಾಸುಗಳನ್ನು ಬಟ್ಟೆಯ ಮೇಲಿಟ್ಟ, ಬೆಂಚಿನ ನಡುವೆ, ಎಲ್ಲರಿಗೂ ಕಾಣುವಲ್ಲಿ. ಶೆಡ್ಡಿನ ಬಾಗಿಲು ಸರಿಸಿದ, ಬೀದಿಯಾಚೆ ಬೇಕರಿಯ ಬಾಗಿಲು ತೆರೆಯಿತು, ಮಾರ್ಲೀನ್, ಅವಳ ಹಿಂದೆ ಕೆಲ್ವಿನ್, ಅವರ ಜೊತೆ ಮಾತಾಡುತ್ತ ಆ ಇಬ್ಬರು ಕುರಿಗಾರರಲ್ಲೊಬ್ಬ — ಕೈ ತಾನಾಗಿ ಬಟ್ಟೆಯನ್ನು ಮಡಚಿತು, ಒಂದು ಮಡಿಕೆ, ಇನ್ನೊಂದು, ಗಂಟು ಬೆಂಚಿನ ಕೆಳಗಿನ ಡಬ್ಬಕ್ಕೆ ಬಿತ್ತು. ಬಿದ್ದ ಸದ್ದು ಅವನಿಗೆ ಕೇಳಲಿಲ್ಲ.

ನಿನಗೆ ಅಂತ ಫ್ರಿಟ್ಜ್ ಮಾಂಸದ ಸ್ಯಾಂಡ್‌ವಿಚ್ ತಂದೆ, ಸಾಸ್ ಜಾಸ್ತಿ ಹಾಕ್ಸಿದೀನಿ, ಎಂದಳು ಮಾರ್ಲೀನ್. ಗ್ರೀಸ್ ಬೇಕಾಗಿತ್ತು ಅಷ್ಟೆ, ಎಂದ ಲಿಂಡ್ಸೆ, ಬಾ ಕೆಲ್, ಇನ್ನೊಂದು ಸುತ್ತು ಹೋಗಿ ಕಾಗದಕ್ಕೆ ಸಹಿ ಹಾಕಿಬಿಡೋಣ, ಮಾರ್ಲೀನ್ ನೀನೂ ಹತ್ತು. ಕುರಿಗಾರ ಬಾಗಿಲ ಚೌಕಟ್ಟಿಗೆ ಒರಗಿ ಟೋಪಿ ಎತ್ತಿದ, ಕಿವಿ ಇನ್ನೂ ಗಟ್ಟಿ ತಾನೇ ನೋಸ್ಕೆ? ಗಟ್ಟಿ, ಗಟ್ಟಿ. ಪದ್ಧತಿಯಂತೆ ರೇಡಿಯೋ ಬಂದ್, ಕಿಟಕಿ ಕೆಳಗೆ, ಜಲ್ಲಿ, ಐವತ್ತು, ಅರವತ್ತು, ಕಾಲೆತ್ತಿದ. ಬೆರಳು ಮಲಗಿತ್ತು. ಒತ್ತಿದ, ಬಿಟ್ಟ. ಮಲಗಿತ್ತು. ಕೆಲ್ವಿನ್ ನಿಧಾನವಾಗಿ ತಲೆಯನ್ನು ಒಂದು ಕಡೆಗೆ ಬಾಗಿಸಿದ, ಕಳೆದುಹೋದ ಏನನ್ನೋ ಹುಡುಕುವವನ ಹಾಗೆ, ಮತ್ತೊಂದು ಕಡೆಗೆ ಬಾಗಿಸಿದ, ನಿಲ್ದಾಣ ಬಂತು, ರಿವರ್ಸ್, ಕ್ಲಚ್ ಬಿಟ್ಟ, ಹಿಮ್ಮಡಿಗೆ ಏನೂ ಬರಲಿಲ್ಲ, ಆ ಗಂಟುಗಟ್ಟಿದ ಐದು ಬೆರಳೂ ಮೊಣಕಾಲ ಮೇಲೆ ಹಾಗೇ ಇದ್ದವು. ಆಗ ಕೆಲ್ವಿನ್ ಪದ್ಧತಿ ಮುರಿದ. ನಿಂತುಹೋಯ್ತು, ಎಂದ. ಮಾರ್ಲೀನ್, ನಿಂತುಹೋಯ್ತು ಕಣೇ. ಏನು ನಿಂತಿತು ಎಂದು ಹಿಂದಿನ ಸೀಟಿನಿಂದ ಅವಳು ಮುಂದಕ್ಕೆ ಬಾಗಿದಳು. ಆ ಠಕ್. ಬೆಳಿಗ್ಗೆವರೆಗೂ ಇತ್ತು, ನಿಂಗೆ ಹೇಳಿರ್ಲಿಲ್ಲ, ಈಗ ಇಲ್ಲ. ಗಾಡೀಲಿ ಗ್ರೀಸ್ ಬಿಟ್ರೆ ಏನೂ ಬೇಕಿರ್ಲಿಲ್ಲ ಅಂತ ಲಿನ್ನೇ ಹೇಳ್ದ, ಅಂದ್ರೆ ಮಾತ್ರೆ ಹಿಡೀತು ಕಣೇ, ಕೊನೆಗೂ ಹಿಡೀತು. ಅವಳು ಎರಡೂ ಕೈಯಿಂದ ಅವನ ಭುಜ ಹಿಡಿದುಕೊಂಡಳು, ಮುಖ ಅವನ ಕುತ್ತಿಗೆಗೆ ಒತ್ತಿದಳು, ಏನೋ ಹೇಳುತ್ತಿದ್ದಳು, ಬಾಯಿ ಕಾಣದ್ದರಿಂದ ಲಿಂಡ್ಸೆಗೆ ಅದು ಏನೆಂದು ಗೊತ್ತಾಗಲಿಲ್ಲ. ಕನ್ನಡಿಯಲ್ಲಿ ಅವಳ ಒದ್ದೆ ಕಣ್ಣು ಮೇಲೆದ್ದಾಗ, ಹಾಗಾದ್ರೆ ಗಾಡಿ ಮಾರೋದು ಬೇಡ ಕೆಲ್, ಅಲ್ವಾ, ಲಿನ್ ನೀನಾದ್ರೂ ಹೇಳು, ಶನಿವಾರ ಬರ್ಬೇಡಿ ಅಂತ ಫೋನ್ ಮಾಡ್ಬಿಡ್ತೀನಿ, ಎಂದಳು. ಕೆಲ್ವಿನ್ ತಲೆಯಾಡಿಸಿದ. ಬೇಡ. ಅಪ್ಪಂಗೂ ಮಧ್ಯ ಮಧ್ಯ ನಿಲ್ತಿತ್ತು, ಮರೆತ್ಯಾ, ಮೂರು ತಿಂಗಳು ಗಂಟೆ ಇಲ್ಲ ಗಿಂಟೆ ಇಲ್ಲ, ಎಲ್ರೂ ಸರಿಹೋಯ್ತು ಅಂದ್ಕೊಂಡ್ವಿ. ನಿಂತದ್ದು ಮಾತ್ರೆಯಿಂದ ಅಂದ್ರೆ ಇದ್ದದ್ದು ನನ್ನಲ್ಲೇ ಅಂತಾಯ್ತಲ್ಲ. ಮಾರೋಣ. ಪೋರ್ಟ್ ಅಗಸ್ಟಾಗೆ ಹೋಗೋಣ. ಅದನ್ನು ಅವನು ಬಹಳ ಶಾಂತವಾಗಿ ಹೇಳಿದ, ಒಂದು ಗಿರಣಿಯ ಪಂಪು ಇನ್ನು ರಿಪೇರಿಗೆ ಬಾರದು ಎಂದು ಸ್ಟೇಷನ್ನಿನವರಿಗೆ ಹೇಳುತ್ತಿದ್ದನಲ್ಲ, ಅದೇ ದನಿ ಇರಬೇಕು, ದನಿ ನೆನಪಿನಿಂದ ಹಾಕಿಕೊಳ್ಳಬೇಕು ಈಗ.

ಶೆಡ್ಡಿನ ಮುಂದೆ ಬಾನೆಟ್ಟಿನ ಮೇಲೆ ಕಾಗದವಿಟ್ಟು ಲಿಂಡ್ಸೆ ಸಹಿ ಹಾಕಿದ, ಗಾಡಿಯಲ್ಲಿ ದೋಷವಿಲ್ಲ, ನಿಜವೂ ಹೌದು, ಈಗ ಇಲ್ಲ, ಮಾರ್ಲೀನ್ ಅದನ್ನು ಮಡಚಿ ಚೀಲಕ್ಕಿಟ್ಟು ಸ್ಟೇರಿಂಗ್ ಹಿಂದೆ ಕೂತಳು, ಕೆಲ್ವಿನ್ ಹತ್ತಲು ಹೋದವನು ನಿಂತ, ಬಾಗಿ ಅಡಿಗೊಮ್ಮೆ ನೋಡಲು ಹೋದ, ಹಳೇ ಅಭ್ಯಾಸ, ನೋಡಲಿ, ನೋಡಲಿ ದೇವರೇ, ಗ್ರೀಸಿನಿಂದ ಹೊಳೆಯುವ ಹೊಸ ಕ್ರಾಸಿನ ಟೋಪಿಗಳು ಕುರುಡನಿಗೂ ಕಾಣುತ್ತವೆ — ಅರ್ಧ ಬಾಗಿದವನು ಎದ್ದ, ನಾನು ನೋಡಿ ಏನಾಗ್ಬೇಕು ಬಿಡು, ನೀನು ನೋಡಿದೀಯಲ್ಲ. ಕೈ ಚಾಚಿದ, ಲಿಂಡ್ಸೆ ಹಿಡಿದ, ಆ ಕಿರುಬೆರಳು ಅವನ ಅಂಗೈಯಂಚಿಗೆ ತಾಗಿತು. ಲಿನ್, ಒಂದೇ ಮಾತು, ಮುಖ ನೋಡಿ ಹೇಳು, ಅಷ್ಟು ಸಲ ಕೇಳಿದ್ಯಲ್ಲ, ಆ ಠಕ್ ನಿನಗೆ ಒಂದ್ಸಲವೂ ಕೇಳ್ಲೇ ಇಲ್ವಾ? ಬಾಗಿಲಲ್ಲಿ ಕುರಿಗಾರ ಸಿಗರೇಟು ಹಚ್ಚುತ್ತಿದ್ದ. ಒಳಗೆ ಬೆಂಚಿನ ಕೆಳಗೆ ಡಬ್ಬ, ಆರು ಹೆಜ್ಜೆ ಆಚೆ ಮೂರನೇ ಡ್ರಾಯರು, ಎಲ್ಲ ಅಲ್ಲೇ ಇತ್ತು, ಕೈಗೆಟುಕುವಷ್ಟು ದೂರದಲ್ಲಿ. ಇಲ್ಲ ಕೆಲ್, ಎಂದ ಲಿಂಡ್ಸೆ, ಒಂದ್ಸಲವೂ ಕೇಳ್ಲಿಲ್ಲ. ಕೆಲ್ವಿನ್ ತಲೆಯಾಡಿಸಿದ, ನೀನಾದ್ರೂ ಹೇಳಿದ್ಯಲ್ಲ ಮಾರಾಯ, ಹೇಳ್ತೀನಿ ಅಂದಿದ್ದೆ, ಹೇಳಿದೆ, ಥ್ಯಾಂಕ್ಸ್, ಎಂದು ಹತ್ತಿದ. ಗಾಡಿ ಹೊರಟಿತು, ಕಿಟಕಿಯಿಂದ ಒಂದು ಬೆರಳು ಎದ್ದಿತು, ವಿದಾಯದ್ದು, ಇಲ್ಲಿ ಎಲ್ಲರೂ ಎಲ್ಲರಿಗೂ ಎತ್ತುವಂಥದು, ಧೂಳು ಎದ್ದಿತು, ಅದರ ಹೊಟ್ಟೆಯಡಿಯಲ್ಲಿ ಚುಕ್ಕೆಗೆ ಚುಕ್ಕೆ ಸರಿಯಾಗಿ ಕೂತು ತಿರುಗುತ್ತಿದೆ, ತಾನೇ ಕೂರಿಸಿದ್ದು, ಬೆರಳಿಟ್ಟು ನೋಡಿದ್ದು, ಆದರೆ ಕಣ್ಣು ಮುಚ್ಚಿದರೂ ತೆರೆದರೂ ಕಾಣುವುದು ಅದಲ್ಲ, ಹಳದಿ ಚುಕ್ಕೆ, ಒಂದು ಹಲ್ಲು, ಹಳದಿ ಚುಕ್ಕೆ, ಹಳದಿ, ಒಂದು ಹಲ್ಲು, ಹಳದಿ. ಶಬ್ದ ಇತ್ತು, ಹೋಗಿದ್ದು ನನ್ನ ಕಿವಿ. ಇದನ್ನು ಅವನು ಕೆಲ್ವಿನ್‌ಗೆ ಎಂದೂ ಹೇಳಲಿಲ್ಲ.